ಕಲೋನ್ ಕ್ರಿಸ್‌ಮಸ್ ಮಾರ್ಕೆಟ್‌ಗಳು: ಮೊದಲ ಸಲ ಹೋಗುವವರಿಗೆ ಸಮಗ್ರ ಮಾರ್ಗದರ್ಶಿ

ಜರ್ಮನಿಯ ಕಲೋನ್‌ನಲ್ಲಿ ಡಿಸೆಂಬರ್ ಬಂತೆಂದರೆ ಒಂದಲ್ಲ, ಐದಾರು ಕ್ರಿಸ್‌ಮಸ್ ಮಾರ್ಕೆಟ್‌ಗಳು ಒಟ್ಟಿಗೇ ನಡೆಯುತ್ತಿರುತ್ತವೆ. ದೊಡ್ಡವೆಲ್ಲ ಊರಿನ ನಡುವೆಯೇ ಇವೆ. ಒಂದರಿಂದ ಇನ್ನೊಂದಕ್ಕೆ ನಡೆದೇ ಹೋಗಬಹುದು. ಹಾಗಾಗಿ ಒಂದೇ ಸಂಜೆಯಲ್ಲಿ ಎಲ್ಲವನ್ನೂ ನೋಡಿಬಿಡೋಣ ಅಂತ ಯಾರಿಗಾದರೂ ಅನಿಸುತ್ತದೆ. ನಾನು ಮೊದಲ ವರ್ಷ ಶನಿವಾರ ಸಂಜೆ ಹಾಗೇ ಹೊರಟಿದ್ದೆ. ನಾಲ್ಕು ಮಾರ್ಕೆಟ್ ಸುತ್ತಿದೆ, ಒಂದು ಮಳಿಗೆಯ ಮುಂದೆಯೂ ಎರಡು ನಿಮಿಷ ನಿಲ್ಲಲು ಆಗಲಿಲ್ಲ. ಮುಂದಿನ ವರ್ಷ ಒಂದು ಮಂಗಳವಾರ ಮಧ್ಯಾಹ್ನ ಹೋದೆ, ಎರಡೇ ಮಾರ್ಕೆಟ್ ನೋಡಿದೆ, ಮರ ಕೆತ್ತುವ ಅಜ್ಜನ ಜೊತೆ ಮಾತಾಡಿದೆ, ದೀಪ ಹತ್ತುವುದನ್ನು ನೋಡಿದೆ. ಅವತ್ತಿನಿಂದ ಕೇಳಿದವರಿಗೆಲ್ಲ ನಾನು ಹೇಳುವುದು ಇಷ್ಟೇ: ವಾರದ ದಿನ ಹೋಗಿ, ಕತ್ತಲಾಗುವ ಮುಂಚೆ ತಲುಪಿ, ಎರಡಕ್ಕಿಂತ ಜಾಸ್ತಿ ನೋಡಲು ಹೋಗಬೇಡಿ.

1. ಮೊದಲು ದಿನ ಗೊತ್ತು ಮಾಡಿಕೊಳ್ಳಿ

ಮಾರ್ಕೆಟ್‌ಗಳು ನವೆಂಬರ್ ಮೂರನೇ ವಾರದ ಸುಮಾರಿಗೆ ಶುರುವಾಗಿ, ಹೆಚ್ಚಿನವು ಡಿಸೆಂಬರ್ 23ಕ್ಕೆ ಮುಗಿಯುತ್ತವೆ. ಇದನ್ನು ದಯವಿಟ್ಟು ಗಮನದಲ್ಲಿ ಇಟ್ಟುಕೊಳ್ಳಿ. ಕ್ರಿಸ್‌ಮಸ್ ರಜೆಗೆ ಅಂತ 24ಕ್ಕೆ ಬಂದಿಳಿದು, ಮರದ ಮಳಿಗೆಗಳನ್ನು ಬಿಚ್ಚಿ ಲಾರಿಗೆ ತುಂಬುವುದನ್ನು ನೋಡಿ ಬೇಜಾರಾದವರು ನನಗೇ ಗೊತ್ತು. ಜರ್ಮನಿಯಲ್ಲಿ 24ರ ಸಂಜೆ ಎಂದರೆ ಮನೆಯವರ ಜೊತೆ ಕೂರುವ ಹೊತ್ತು. ಅಂಗಡಿಗಳು ಮಧ್ಯಾಹ್ನಕ್ಕೇ ಬಾಗಿಲು ಹಾಕುತ್ತವೆ, 25 ಮತ್ತು 26 ಎರಡೂ ಸರ್ಕಾರಿ ರಜೆ. ಹಬ್ಬ ಕಳೆದ ಮೇಲೇ ಬರುವವರಿಗೆ ಹಾಯ್‌ಮಾರ್ಕ್ಟ್ ಅನ್ನುವ ಚೌಕದ ಮಾರ್ಕೆಟ್ ಒಂದು ಸಮಾಧಾನ. ಅದು ಸಾಮಾನ್ಯವಾಗಿ ಜನವರಿ ಮೊದಲ ವಾರದವರೆಗೂ ಇರುತ್ತದೆ.

ಇನ್ನೊಂದು ದಿನ ಬಿಡಬೇಕು. ಕ್ರಿಸ್‌ಮಸ್‌ಗೆ ಮುಂಚಿನ ನಾಲ್ಕು ಭಾನುವಾರಗಳ ಕಾಲವನ್ನು ಅಡ್ವೆಂಟ್ ಅನ್ನುತ್ತಾರೆ. ಅದರ ಮೊದಲ ಭಾನುವಾರಕ್ಕೆ ಸರಿಯಾಗಿ ಒಂದು ವಾರ ಮುಂಚಿನ ಭಾನುವಾರವನ್ನು ಟೋಟನ್‌ಸೊನ್‌ಟಾಗ್ ಅನ್ನುತ್ತಾರೆ, ತೀರಿಕೊಂಡವರನ್ನು ನೆನೆಯುವ ದಿನ. ಹಾಡು, ಗದ್ದಲ ಇರಬಾರದ ದಿನ ಅದು. ಮಾರ್ಕೆಟ್‌ಗಳು ಅವತ್ತು ಸಾಮಾನ್ಯವಾಗಿ ಮುಚ್ಚಿರುತ್ತವೆ.

ವಾರದಲ್ಲಿ ಸೋಮವಾರದಿಂದ ಬುಧವಾರದವರೆಗೆ ಒಳ್ಳೆಯದು. ಶನಿವಾರ ಬೇಡವೇ ಬೇಡ. ನೆದರ್‌ಲ್ಯಾಂಡ್ಸ್, ಬೆಲ್ಜಿಯಂ ಎರಡೂ ಹತ್ತಿರ, ಅಲ್ಲಿಂದ ಬಸ್ ಮಾಡಿಕೊಂಡು ಬರುವವರೆಲ್ಲ ಶನಿವಾರವೇ ಬರುತ್ತಾರೆ. ಭಾನುವಾರ ಜರ್ಮನಿಯಲ್ಲಿ ಬೇರೆ ಅಂಗಡಿಗಳು ಮುಚ್ಚಿರುವುದರಿಂದ ಊರಿನವರೂ ಮಾರ್ಕೆಟ್‌ಗೇ ಬರುತ್ತಾರೆ.

ಹೊತ್ತಿನ ಲೆಕ್ಕ ಇನ್ನೂ ಮುಖ್ಯ. ಮಳಿಗೆಗಳು ಸುಮಾರು ಬೆಳಗ್ಗೆ 11ಕ್ಕೆ ತೆರೆದು ರಾತ್ರಿ 9 ಅಥವಾ 10ರವರೆಗೆ ಇರುತ್ತವೆ. ಡಿಸೆಂಬರ್ ಮಧ್ಯದಲ್ಲಿ ಕಲೋನ್‌ನಲ್ಲಿ ಸೂರ್ಯ ಮುಳುಗುವುದು ಸಂಜೆ ನಾಲ್ಕೂವರೆಯ ಆಸುಪಾಸಿನಲ್ಲಿ. ಆಫೀಸು ಮುಗಿಸಿದವರು ಬರುವುದು ಐದೂವರೆ, ಆರರ ಹೊತ್ತಿಗೆ. ಈ ನಡುವಿನ ಒಂದು ಗಂಟೆ ಇದೆಯಲ್ಲ, ಅದೇ ಬಂಗಾರದಂಥ ಹೊತ್ತು. ಆಕಾಶ ಕಡುನೀಲಿ, ದೀಪ ಎಲ್ಲ ಹತ್ತಿವೆ, ಜನ ಇನ್ನೂ ಬಂದಿಲ್ಲ. ಎರಡೂವರೆಗೆ ಬನ್ನಿ, ಬೆಳಕಿದ್ದಾಗ ಮಳಿಗೆ ಮಳಿಗೆ ನೋಡಿ, ಬೇಕಾದ್ದನ್ನು ಕೊಂಡು ಮುಗಿಸಿ. ನಾಲ್ಕೂವರೆಗೆ ಕೈಯಲ್ಲಿ ಬಿಸಿ ಏನಾದರೂ ಹಿಡಿದು ಒಂದು ಕಡೆ ಸುಮ್ನೆ ನಿಂತುಬಿಡಿ.

2. ತಂಗುವ ಜಾಗ, ತಲುಪುವ ದಾರಿ

ಅಡ್ವೆಂಟ್ ವಾರಾಂತ್ಯಗಳಲ್ಲಿ ಹೋಟೆಲ್ ದರ ಏರಿಬಿಡುತ್ತದೆ. ಬೇಗ ಬುಕ್ ಮಾಡಿ, ಇಲ್ಲದಿದ್ದರೆ ಬಾನ್ ಅಥವಾ ಡ್ಯುಸೆಲ್‌ಡಾರ್ಫ್‌ನಲ್ಲಿ ಉಳಿದುಕೊಳ್ಳಿ. ಎರಡೂ ರೈಲಿನಲ್ಲಿ ಸುಮಾರು ಅರ್ಧ ಗಂಟೆಯ ದಾರಿ, ಎರಡಕ್ಕೂ ಅವುಗಳದೇ ಮಾರ್ಕೆಟ್ ಇವೆ. ರೈನ್ ನದಿಯ ಆಚೆ ದಡದ ಡಾಯ್ಟ್ಸ್ ಕೂಡ ಚೆನ್ನಾಗಿದೆ, ಅಲ್ಲಿಂದ ಸೇತುವೆ ದಾಟಿದರೆ ಕಥೀಡ್ರಲ್, ಅಂದರೆ ಊರಿನ ಹೆಸರಾಂತ ದೊಡ್ಡ ಚರ್ಚ್.

ಕಾರು ತರಬೇಡಿ. ಊರಿನ ನಡುಭಾಗಕ್ಕೆ ಮಾಲಿನ್ಯ ನಿಯಮದ ಹಸಿರು ಸ್ಟಿಕ್ಕರ್ ಇಲ್ಲದ ಗಾಡಿ ಬರುವಂತಿಲ್ಲ, ಬಂದರೂ ನಿಲ್ಲಿಸಲು ಜಾಗ ಸಿಗುವುದಿಲ್ಲ. ರೈಲೇ ಸರಿ. ಬೋರ್ಡುಗಳಲ್ಲಿ ಊರಿನ ಹೆಸರು ಜರ್ಮನ್ ರೂಪದಲ್ಲಿ ಇರುತ್ತದೆ, ಹೇಳುವಾಗ ಕ್ಯೋಲ್ನ್ ಅನ್ನುತ್ತಾರೆ. ಮುಖ್ಯ ನಿಲ್ದಾಣದ ಹೆಸರಿನ ಕೊನೆಗೆ ಹೌಪ್ಟ್‌ಬಾನ್‌ಹೋಫ್ ಅಂತಿರುತ್ತದೆ. ಅಲ್ಲಿ ಇಳಿದು ಹೊರಗೆ ಕಾಲಿಟ್ಟರೆ ಎದುರಿಗೇ ಕಥೀಡ್ರಲ್, ಅದರ ಬದಿಯಲ್ಲೇ ಮೊದಲ ಮಾರ್ಕೆಟ್. ದೊಡ್ಡ ಬ್ಯಾಗ್ ಇದ್ದರೆ ನಿಲ್ದಾಣದ ಲಾಕರ್‌ನಲ್ಲಿ ಇಟ್ಟು ಬನ್ನಿ. ಬೆನ್ನಿಗೆ ಬ್ಯಾಗ್ ಹಾಕಿಕೊಂಡು ಆ ಗುಂಪಿನಲ್ಲಿ ತಿರುಗಿದರೆ ಪಕ್ಕದವರ ಕಪ್ ಚೆಲ್ಲುವುದು ಖಂಡಿತ.

3. ಯಾವ ಎರಡನ್ನು ಆರಿಸುವುದು

ಇದು ನಿಮ್ಮ ಜೊತೆ ಯಾರಿದ್ದಾರೆ ಅನ್ನುವುದರ ಮೇಲೆ ಹೋಗುತ್ತದೆ.

ಕಥೀಡ್ರಲ್ ಪಕ್ಕದ್ದು ಎಲ್ಲರೂ ಫೋಟೋದಲ್ಲಿ ನೋಡಿರುವ ಮಾರ್ಕೆಟ್. ನಡುವೆ ದೊಡ್ಡ ಕ್ರಿಸ್‌ಮಸ್ ಮರ, ಅದರಿಂದ ಸುತ್ತಲೂ ಬಲೆಯ ಹಾಗೆ ಹರಡಿದ ದೀಪದ ಸರ, ಕೆಳಗೆ ಕೆಂಪು ಸೂರಿನ ಮಳಿಗೆಗಳು, ಹಿಂದೆ 157 ಮೀಟರ್ ಎತ್ತರದ ಕಪ್ಪು ಗೋಪುರಗಳು. ಈ ಕಥೀಡ್ರಲ್ ಕಟ್ಟಲು ಶುರು ಮಾಡಿದ್ದು 1248ರಲ್ಲಿ, ಮುಗಿದದ್ದು 1880ರಲ್ಲಿ. ಮೊದಲ ಸಲ ಬಂದವರು ಇದನ್ನು ಬಿಡಲು ಆಗುವುದಿಲ್ಲ, ಬಿಡಲೂ ಬಾರದು. ಆದರೆ ಅತಿ ಹೆಚ್ಚು ಜನ ಸೇರುವುದೂ ಇಲ್ಲೇ. ಹಾಗಾಗಿ ದಿನವನ್ನು ಇಲ್ಲಿಂದಲೇ ಶುರು ಮಾಡಿ, ಕೊನೆಗೆ ಉಳಿಸಿಕೊಳ್ಳಬೇಡಿ. ಕಥೀಡ್ರಲ್ ಒಳಗೂ ಹೋಗಿ ಬನ್ನಿ. ಕ್ರಿಸ್ತ ಹುಟ್ಟಿದಾಗ ಕಾಣಿಕೆ ತಂದ ಮೂವರು ಜ್ಞಾನಿಗಳ ಅವಶೇಷಗಳು ಇಲ್ಲಿನ ಚಿನ್ನದ ಪೆಟ್ಟಿಗೆಯಲ್ಲಿವೆ ಅನ್ನುವ ನಂಬಿಕೆ ಇದೆ. ಕ್ರಿಸ್‌ಮಸ್ ಕಾಲದಲ್ಲಿ ಅದರ ಮುಂದೆ ನಿಲ್ಲುವುದಕ್ಕೆ ಬೇರೆಯೇ ಅರ್ಥ. ಕಾಲಲ್ಲಿ ಶಕ್ತಿ ಇದ್ದರೆ ದಕ್ಷಿಣ ಗೋಪುರಕ್ಕೆ 533 ಮೆಟ್ಟಿಲು ಹತ್ತಬಹುದು, ಚಳಿಗಾಲದಲ್ಲಿ ಬೇಗ ಮುಚ್ಚುವುದರಿಂದ ಮಧ್ಯಾಹ್ನದ ಒಳಗೇ ಹತ್ತಿ.

ಅಲ್ಲಿಂದ ಐದಾರು ನಿಮಿಷ ನಡೆದರೆ ಆಲ್ಟರ್‌ಮಾರ್ಕ್ಟ್, ಅದಕ್ಕೆ ತಾಗಿಕೊಂಡೇ ಹಾಯ್‌ಮಾರ್ಕ್ಟ್. ಎರಡೂ ಸೇರಿ ಒಂದೇ ದೊಡ್ಡ ಮಾರ್ಕೆಟ್ ಇದ್ದ ಹಾಗೆ. ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಇದೇ. ಇದಕ್ಕೆ ಹೈನ್ಸೆಲ್ ಎಂಬ ಪುಟ್ಟ ಮನುಷ್ಯರ ಹೆಸರು ಇಟ್ಟಿದ್ದಾರೆ. ಕಲೋನ್‌ನವರ ಕಥೆ ಹೀಗಿದೆ: ಹಿಂದೆ ಈ ಊರಿನಲ್ಲಿ ರಾತ್ರಿ ಎಲ್ಲರೂ ಮಲಗಿದ ಮೇಲೆ ಕುಳ್ಳರು ಬಂದು ಬಡಗಿ, ದರ್ಜಿ, ರೊಟ್ಟಿ ಮಾಡುವವರು ಎಲ್ಲರ ಕೆಲಸವನ್ನೂ ಮುಗಿಸಿ ಹೋಗುತ್ತಿದ್ದರಂತೆ. ಅವರು ಹೇಗಿದ್ದಾರೆ ನೋಡಬೇಕು ಅಂತ ದರ್ಜಿಯ ಹೆಂಡತಿ ಮೆಟ್ಟಿಲ ಮೇಲೆ ಬಟಾಣಿ ಚೆಲ್ಲಿದಳು, ಅವರು ಜಾರಿ ಬಿದ್ದರು, ಕೋಪ ಮಾಡಿಕೊಂಡು ಹೋದವರು ಮತ್ತೆ ಬರಲೇ ಇಲ್ಲ. ಮಕ್ಕಳಿಗೆ ಈ ಕಥೆ ಮೊದಲೇ ಹೇಳಿ ಕರೆದುಕೊಂಡು ಹೋಗಿ. ಅಲ್ಲಲ್ಲಿ ಇಟ್ಟಿರುವ ಕುಳ್ಳರ ಬೊಂಬೆಗಳನ್ನು ಹುಡುಕುವುದರಲ್ಲೇ ಅವರಿಗೆ ಖುಷಿ. ಹಾಯ್‌ಮಾರ್ಕ್ಟ್‌ನಲ್ಲಿ ಐಸ್ ಸ್ಕೇಟಿಂಗ್ ಇದೆ. ಕುದುರೆ ಏರಿದ ರಾಜನ ದೊಡ್ಡ ಪ್ರತಿಮೆಯ ಸುತ್ತ ಸುತ್ತಬಹುದು, ಸ್ಕೇಟ್ಸ್ ಬಾಡಿಗೆಗೆ ಸಿಗುತ್ತವೆ.

ಉಳಿದವನ್ನು ಬೇಗ ಹೇಳಿಬಿಡುತ್ತೇನೆ. ನಾಯ್‌ಮಾರ್ಕ್ಟ್‌ನಲ್ಲಿರುವುದು ದೇವತೆಗಳ ಮಾರ್ಕೆಟ್, ಮರದ ಕೊಂಬೆಗಳ ತುಂಬ ನಕ್ಷತ್ರದ ದೀಪ. ಜೋಡಿಯಾಗಿ ಬರುವವರಿಗೆ ಹೇಳಿ ಮಾಡಿಸಿದ ಹಾಗಿದೆ. ರುಡಾಲ್ಫ್‌ಪ್ಲಾಟ್ಸ್‌ನದು ಹಳೆಯ ಕೋಟೆ ಬಾಗಿಲಿನ ಮುಂದೆ ಇರುವ ಸೇಂಟ್ ನಿಕೋಲಸ್ ಹಳ್ಳಿ. ಚಿಕ್ಕದು, ಪುಟ್ಟ ಮಕ್ಕಳಿಗೆ ಸುಲಭ. ನದಿ ದಡದಲ್ಲಿ ಚಾಕೊಲೇಟ್ ಮ್ಯೂಸಿಯಂ ಮುಂದಿನದು ಬಂದರಿನ ಮಾರ್ಕೆಟ್, ಬಿಳಿ ಟೆಂಟ್‌ಗಳು ಹಾಯಿ ಬಿಚ್ಚಿದ ದೋಣಿಗಳ ಹಾಗೆ ಕಾಣುತ್ತವೆ. ಅಲ್ಲಿ ಗಾಳಿ ಜೋರು, ಟೋಪಿ ಬಿಗಿಯಾಗಿರಲಿ. ಹಾಯ್‌ಮಾರ್ಕ್ಟ್‌ನಿಂದ ನಾಯ್‌ಮಾರ್ಕ್ಟ್, ಅಲ್ಲಿಂದ ರುಡಾಲ್ಫ್‌ಪ್ಲಾಟ್ಸ್‌ಗೆ 1 ಮತ್ತು 7ನೇ ನಂಬರಿನ ಟ್ರಾಮ್ ನೇರ ಹೋಗುತ್ತವೆ.

ಮೊದಲ ಸಲದವರಿಗೆ ನನ್ನ ಆಯ್ಕೆ ಕಥೀಡ್ರಲ್ ಮತ್ತು ಆಲ್ಟರ್‌ಮಾರ್ಕ್ಟ್-ಹಾಯ್‌ಮಾರ್ಕ್ಟ್. ಚಿಕ್ಕ ಮಕ್ಕಳಿದ್ದರೆ ಕಥೀಡ್ರಲ್ ಮಾರ್ಕೆಟನ್ನು ಬರೀ ದಾಟಿ ಹೋಗಿ, ಹಾಯ್‌ಮಾರ್ಕ್ಟ್‌ನಲ್ಲೇ ಹೊತ್ತು ಕಳೆಯಿರಿ. ಜರ್ಮನಿಯ ಹಳೆಯ ಮಾರ್ಕೆಟ್ಟೇ ನೋಡಬೇಕು ಅನ್ನುವವರು 1434ರಿಂದ ಹೆಸರಿರುವ ಡ್ರೆಸ್ಡೆನ್‌ಗೆ ಹೋಗಬೇಕು. ಕಲೋನ್‌ನ ಸೊಗಸು ಬೇರೆ ಥರ, ಒಂದೊಂದು ಚೌಕಕ್ಕೂ ಒಂದೊಂದು ಸ್ವಭಾವ.

4. ಬಟ್ಟೆ

ಹಿಮ ಬೀಳುತ್ತದೆ ಅಂತ ಆಸೆ ಇಟ್ಟುಕೊಂಡು ಬರಬೇಡಿ. ಕಲೋನ್‌ನ ಡಿಸೆಂಬರ್‌ನಲ್ಲಿ ಹಿಮಕ್ಕಿಂತ ಮಳೆಯೇ ಜಾಸ್ತಿ, ಒದ್ದೆ ಚಳಿ. ನಡೆಯುವಾಗ ಚಳಿ ಗೊತ್ತಾಗುವುದಿಲ್ಲ, ಆದರೆ ಇಲ್ಲಿ ನೀವು ಮಾಡುವುದು ನಿಲ್ಲುವ ಕೆಲಸ. ಕಲ್ಲು ಹಾಸಿದ ನೆಲದಿಂದ ಚಳಿ ಪಾದಕ್ಕೆ ಹತ್ತುತ್ತದೆ. ಹಾಗಾಗಿ ಕೋಟಿಗಿಂತ ಮೊದಲು ಶೂ ಬಗ್ಗೆ ಯೋಚಿಸಿ: ದಪ್ಪ ಅಡಿ, ನೀರು ಒಳಗೆ ಹೋಗದಂಥದ್ದು, ಉಣ್ಣೆಯ ಸಾಕ್ಸ್. ಛತ್ರಿ ಬೇಡ, ಗುಂಪಿನಲ್ಲಿ ಪಕ್ಕದವರ ಕಣ್ಣಿಗೆ ಚುಚ್ಚುತ್ತದೆ. ಟೋಪಿ ಇರುವ ಮಳೆ ಜಾಕೆಟ್ ಹಾಕಿಕೊಳ್ಳಿ.

5. ದುಡ್ಡು ಮತ್ತು ಕಪ್ಪಿನ ಡಿಪಾಸಿಟ್

ಮಾರ್ಕೆಟ್ ಒಳಗೆ ಹೋಗಲು ಟಿಕೆಟ್ ಇಲ್ಲ. ಕಾರ್ಡ್ ತೆಗೆದುಕೊಳ್ಳುವ ಮಳಿಗೆಗಳು ಹೆಚ್ಚಾಗಿವೆ, ಆದರೂ ಚಿಕ್ಕವರು ನಗದೇ ಕೇಳುತ್ತಾರೆ. 5, 10 ಯೂರೋ ನೋಟು ಮತ್ತು ಒಂದಷ್ಟು ಚಿಲ್ಲರೆ ಜೇಬಿನಲ್ಲಿರಲಿ. ಟಾಯ್ಲೆಟ್‌ಗೂ ಚಿಲ್ಲರೆ ಬೇಕು.

ಈಗ ಕಪ್ಪಿನ ವಿಷಯ. ಮೊದಲ ಸಲದವರು ಎಡವುವುದು ಇಲ್ಲೇ. ಗ್ಲೂವೈನ್ ಎಂದರೆ ದಾಲ್ಚಿನ್ನಿ, ಲವಂಗ, ಕಿತ್ತಳೆ ಹಾಕಿ ಬಿಸಿ ಮಾಡಿದ ವೈನ್. ಒಂದು ಕಪ್‌ಗೆ ಸುಮಾರು 4ರಿಂದ 5 ಯೂರೋ. ಆದರೆ ಕೌಂಟರ್‌ನಲ್ಲಿ ಕೇಳುವ ದುಡ್ಡು ಅದಕ್ಕಿಂತ ಜಾಸ್ತಿ ಇರುತ್ತದೆ. ಮೋಸ ಅಂದುಕೊಳ್ಳಬೇಡಿ. ಕೊಡುವುದು ಪಿಂಗಾಣಿ ಅಥವಾ ಗಾಜಿನ ಕಪ್, ಅದಕ್ಕೆ ಡಿಪಾಸಿಟ್ ಸೇರಿಸಿರುತ್ತಾರೆ. ಜರ್ಮನ್‌ನಲ್ಲಿ ಫಾಂಡ್ ಅನ್ನುತ್ತಾರೆ. ಖಾಲಿ ಕಪ್ ವಾಪಸ್ ಕೊಟ್ಟರೆ ಆ ದುಡ್ಡು ವಾಪಸ್. ಕೆಲವು ಕಡೆ ಕಪ್ ಜೊತೆ ಒಂದು ಟೋಕನ್ ಕೂಡ ಕೊಡುತ್ತಾರೆ, ಅದನ್ನು ಕಳೆದುಕೊಂಡರೆ ದುಡ್ಡೂ ಹೋಯಿತು. ಹಾಗಾಗಿ ಟೋಕನ್‌ಗೆ ಅಂತಲೇ ಒಂದು ಜೇಬು ಇರಲಿ. ಒಂದು ಮಾರ್ಕೆಟ್‌ನ ಕಪ್ಪನ್ನು ಇನ್ನೊಂದು ಮಾರ್ಕೆಟ್‌ನವರು ತೆಗೆದುಕೊಳ್ಳುವುದಿಲ್ಲ, ಹೊರಡುವ ಮುಂಚೆ ಅಲ್ಲೇ ಕೊಟ್ಟುಬಿಡಿ. ಇನ್ನೊಂದು ಸುತ್ತು ಕುಡಿಯುವುದಾದರೆ ಅದೇ ಖಾಲಿ ಕಪ್ ಕೊಟ್ಟರೆ ಸಾಕು, ಮತ್ತೆ ಡಿಪಾಸಿಟ್ ಕಟ್ಟಬೇಕಾಗಿಲ್ಲ.

ಕಪ್ ಇಷ್ಟವಾಯಿತಾ? ವಾಪಸ್ ಕೊಡಬೇಡಿ, ಇಟ್ಟುಕೊಳ್ಳಿ. ಡಿಪಾಸಿಟ್ಟೇ ಅದರ ಬೆಲೆ ಅಂತ ಎಲ್ಲರೂ ಒಪ್ಪಿಕೊಂಡಿದ್ದಾರೆ, ತಪ್ಪೇನಿಲ್ಲ. ಪ್ರತಿ ಮಾರ್ಕೆಟ್‌ಗೂ ಅದರದೇ ಚಿತ್ರ ಇರುತ್ತದೆ, ವರ್ಷ ವರ್ಷ ಬದಲಾಗುವುದೂ ಉಂಟು. ನಮ್ಮ ಮನೆಯಲ್ಲಿ ಆರು ಕಪ್ ಇವೆ, ಅದಕ್ಕಿಂತ ಒಳ್ಳೆಯ ನೆನಪಿನ ವಸ್ತು ಆ ದುಡ್ಡಿಗೆ ಸಿಗುವುದಿಲ್ಲ.

6. ತಿನ್ನುವುದು, ಕುಡಿಯುವುದು

ಮೊದಲು ತಿನ್ನಿ, ಆಮೇಲೆ ಕುಡಿಯಿರಿ. ಗ್ಲೂವೈನ್ ಸಿಹಿಯಾಗಿ, ಬಿಸಿಯಾಗಿ ಇರುವುದರಿಂದ ಶರಬತ್ತಿನ ಹಾಗೆ ಒಳಗೆ ಹೋಗುತ್ತದೆ. ಆದರೆ ಯುರೋಪಿನ ನಿಯಮದ ಪ್ರಕಾರ ಆ ಹೆಸರಿನಲ್ಲಿ ಮಾರಬೇಕಾದರೆ ಅದರಲ್ಲಿ ಕನಿಷ್ಠ ಶೇ. 7ರಷ್ಟು ಆಲ್ಕೋಹಾಲ್ ಇರಲೇಬೇಕು. ಬೋರ್ಡಿನಲ್ಲಿ ಮಿಟ್ ಶುಸ್ ಅಂತಿದ್ದರೆ ಅದಕ್ಕೆ ರಮ್ಮೋ ಇನ್ನೇನೋ ಸೇರಿಸಿದ್ದಾರೆ ಅಂತ ಅರ್ಥ. ಕುಡಿಯದವರಿಗೆ, ಮಕ್ಕಳಿಗೆ ಕಿಂಡರ್‌ಪುನ್ಷ್ ಇದೆ, ಹಣ್ಣಿನ ರಸಕ್ಕೆ ಅದೇ ಮಸಾಲೆ ಹಾಕಿ ಕಾಯಿಸಿದ್ದು. ಅದೇ ಚಂದದ ಕಪ್ಪಿನಲ್ಲೇ ಕೊಡುತ್ತಾರೆ. ತೆಗೆದುಕೊಳ್ಳುವ ಮುಂಚೆ "ಓನೆ ಆಲ್ಕೊಹೋಲ್?" ಅಂತ ಕೇಳಿ ಖಾತ್ರಿ ಮಾಡಿಕೊಳ್ಳಿ, ಆಲ್ಕೋಹಾಲ್ ಇಲ್ಲದ್ದಾ ಅಂತ ಅದರ ಅರ್ಥ. ಐಯರ್‌ಪುನ್ಷ್ ಅನ್ನುವುದರಲ್ಲಿ ಮೊಟ್ಟೆಯೂ ಇದೆ, ಮದ್ಯವೂ ಇದೆ.

ಊಟದಲ್ಲಿ ಕಲೋನ್‌ನದೇ ಅನ್ನಬಹುದಾದ್ದು ರೈಬೆಕೂಖನ್, ಅಲ್ಲಿನವರ ಆಡುಮಾತಿನಲ್ಲಿ ರೀವ್‌ಕೋಖೆ. ಆಲೂಗಡ್ಡೆ ತುರಿದು ಎಣ್ಣೆಯಲ್ಲಿ ಗರಿಗರಿಯಾಗಿ ಕರಿದು, ಸೇಬಿನ ಗೊಜ್ಜಿನ ಜೊತೆ ಕೊಡುತ್ತಾರೆ. ಖಾರ ಇಲ್ಲದ ಕರಿದ ತಿಂಡಿಗೆ ಸಿಹಿ ಸೇಬು ಯಾಕೆ ಅಂತ ಅನಿಸಬಹುದು, ಒಮ್ಮೆ ತಿಂದು ನೋಡಿ. ಕ್ಯೂ ಉದ್ದ ಇರುತ್ತದೆ, ಆದರೆ ಬಾಣಲೆಯಿಂದ ನೇರ ತಟ್ಟೆಗೆ ಬರಬೇಕೆಂದರೆ ಕ್ಯೂ ಇರುವ ಮಳಿಗೆಯೇ ಒಳ್ಳೆಯದು. ಹಿಟ್ಟಿಗೆ ಸಾಮಾನ್ಯವಾಗಿ ಮೊಟ್ಟೆ ಹಾಕಿರುತ್ತಾರೆ.

ಸಸ್ಯಾಹಾರಿಗಳಿಗೆ ಸ್ವಲ್ಪ ವಿವರವಾಗಿ ಹೇಳಬೇಕು, ಯಾಕೆಂದರೆ ನೋಡಲು ಸಸ್ಯಾಹಾರ ಅನಿಸುವುದೆಲ್ಲ ಹಾಗಿರುವುದಿಲ್ಲ. ತೆಳು ರೊಟ್ಟಿಯ ಮೇಲೆ ಕೆನೆ, ಈರುಳ್ಳಿ ಹಾಕಿ ಸುಡುವ ಫ್ಲಾಮ್‌ಕೂಖನ್‌ಗೆ ಮಾಮೂಲಾಗಿ ಹಂದಿಮಾಂಸದ ಚೂರು ಹಾಕುತ್ತಾರೆ, ಬೇಡವೆಂದರೆ ಮಾಂಸ ಇಲ್ಲದ್ದು ಪ್ರತ್ಯೇಕ ಕೇಳಬೇಕು. ಬಟಾಣಿ ಸೂಪು, ಗ್ರ್ಯೂನ್‌ಕೋಲ್ ಎಂಬ ಸೊಪ್ಪಿನ ಪಲ್ಯ ಎರಡನ್ನೂ ಮಾಂಸದ ಜೊತೆಗೇ ಬೇಯಿಸುವುದು ವಾಡಿಕೆ. ದೊಡ್ಡ ಬಾಣಲೆಯಲ್ಲಿ ಬಾಡಿಸುವ ಅಣಬೆಗೂ ಕೆಲವರು ಹಂದಿಮಾಂಸ ಸೇರಿಸುತ್ತಾರೆ. ಶ್ಮಾಲ್ಟ್ಸ್ ಅನ್ನುವ ಪದ ಕಂಡರೆ ಅದು ಪ್ರಾಣಿಯ ಕೊಬ್ಬು. ಹೆಸರಲ್ಲಿ ಆ ಪದ ಇರುವ ಸಿಹಿ ಬೋಂಡಾದಂಥ ತಿಂಡಿಯನ್ನು ಈಗ ಬಹಳ ಕಡೆ ಎಣ್ಣೆಯಲ್ಲೇ ಕರಿಯುತ್ತಾರೆ, ಆದರೂ ಕೇಳಿಯೇ ತೆಗೆದುಕೊಳ್ಳಿ. "ಇಸ್ಟ್ ದಾಸ್ ವೆಗೆಟಾರಿಶ್?" ಅಂದರೆ ಎಲ್ಲರಿಗೂ ಅರ್ಥವಾಗುತ್ತದೆ, ಯಾರೂ ಬೇಸರ ಮಾಡಿಕೊಳ್ಳುವುದಿಲ್ಲ. ಕಣ್ಣುಮುಚ್ಚಿ ತಿನ್ನಬಹುದಾದ್ದು ಸುಟ್ಟ ಚೆಸ್ಟ್‌ನಟ್ ಮತ್ತು ಸಕ್ಕರೆ ಪಾಕದಲ್ಲಿ ಹುರಿದ ಬಾದಾಮಿ. ಆ ಬಾದಾಮಿಯ ಪರಿಮಳ ಇಡೀ ಚೌಕಕ್ಕೆ ಹರಡಿರುತ್ತದೆ. ಬಿಸಿಯಿರುವ ಕಾಗದದ ಪೊಟ್ಟಣವನ್ನು ಕೋಟಿನ ಜೇಬಿಗೆ ಹಾಕಿಕೊಂಡರೆ ಕೈಯೂ ಬೆಚ್ಚಗಾಗುತ್ತದೆ.

ಕೂರಲು ಜಾಗ ಕಡಿಮೆ, ಎತ್ತರದ ಟೇಬಲ್‌ಗಳ ಸುತ್ತ ನಿಂತೇ ತಿನ್ನಬೇಕು. ಅಪರಿಚಿತರ ಟೇಬಲ್ ಹಂಚಿಕೊಳ್ಳುವುದು ಅಲ್ಲಿ ಮಾಮೂಲು. "ಇಸ್ಟ್ ಹಿಯರ್ ನೋಖ್ ಫ್ರೈ?" ಅಂತ ಕೇಳಿ, ಜಾಗ ಇದೆಯಾ ಅಂತ. ಕಪ್ ತಾಗಿಸಿ ಪ್ರೋಸ್ಟ್ ಅನ್ನುವಾಗ ಅವರ ಕಣ್ಣು ನೋಡಿ ಹೇಳಬೇಕು, ಅದು ಅವರ ಮರ್ಯಾದೆ. ಕಲೋನ್‌ನವರು ಮಾತಿಗೆ ಸಿಗುವ ಜನ, ಇಂಥ ಟೇಬಲ್‌ನಲ್ಲೇ ನನಗೆ ಇಬ್ಬರು ಗೆಳೆಯರು ಸಿಕ್ಕಿದ್ದಾರೆ.

7. ಕೊಳ್ಳುವ ಮುಂಚೆ

ಮೊದಲು ಒಂದು ಸುತ್ತು ಬರೀ ನೋಡಿ. ಫ್ಯಾಕ್ಟರಿಯಿಂದ ಬಂದ ಅಗ್ಗದ ಸಾಮಾನೂ ಇದೆ, ಕೈಯಲ್ಲಿ ಮಾಡಿದ್ದೂ ಇದೆ. ಎರಡೂ ಒಂದೇ ಥರದ ಮರದ ಮಳಿಗೆಯಲ್ಲಿ ಒಂದೇ ಹಳದಿ ಬೆಳಕಿನಲ್ಲಿ ಕಾಣುವುದರಿಂದ ವ್ಯತ್ಯಾಸ ಗೊತ್ತಾಗುವುದಿಲ್ಲ. ಬೆಳಕಿರುವಾಗ ಬನ್ನಿ ಅಂತ ನಾನು ಹೇಳುವುದಕ್ಕೆ ಇದೂ ಒಂದು ಕಾರಣ. ಮಳಿಗೆಯವರು ಅಲ್ಲೇ ಕೂತು ಕೆಲಸ ಮಾಡುತ್ತಿದ್ದಾರಾ ನೋಡಿ, ಎಲ್ಲಿ ಮಾಡಿದ್ದು ಅಂತ ಕೇಳಿ. ಮಾಡಿದವರು ಖುಷಿಯಿಂದ ಹೇಳುತ್ತಾರೆ.

ಬಾಯಿಂದ ಹೊಗೆ ಬಿಡುವ ಮರದ ಬೊಂಬೆ, ಮೇಣದಬತ್ತಿಯ ಶಾಖಕ್ಕೆ ತಿರುಗುವ ಮರದ ಗೋಪುರ, ಬೀಜ ಒಡೆಯುವ ಸಿಪಾಯಿ, ಇವೆಲ್ಲ ಜರ್ಮನಿಯ ಪೂರ್ವಕ್ಕಿರುವ ಎರ್ಟ್ಸ್‌ಗೆಬಿರ್ಗೆ ಬೆಟ್ಟಸಾಲಿನವು. ಗಣಿ ಕೆಲಸ ಇಳಿಮುಖವಾದಾಗ ಅಲ್ಲಿನ ಮನೆಗಳು ಮರಗೆಲಸದ ಮೇಲೆ ಬದುಕಿದವು. ಅಸಲಿ ಬೇಕಾದರೆ ಆ ಬೆಟ್ಟಸಾಲಿನ ಹೆಸರಿನ ಗುರುತು ಇದೆಯಾ ನೋಡಿ, ಬೆಲೆ ಜಾಸ್ತಿ. ಒಂದು ಚಿಕ್ಕದೇ ಆದರೂ ಅಸಲಿಯದ್ದೇ ಕೊಳ್ಳಿ ಅನ್ನುವುದು ನನ್ನ ಅಭಿಪ್ರಾಯ. ಚೌಕಾಸಿ ಅಲ್ಲಿ ನಡೆಯುವುದಿಲ್ಲ, ಬೋರ್ಡಿನಲ್ಲಿ ಬರೆದದ್ದೇ ಬೆಲೆ.

8. ಮಕ್ಕಳು, ಜೇಬು, ಸುರಕ್ಷತೆ

ಗುಂಪಿನಲ್ಲಿ ಜೇಬುಗಳ್ಳರಿದ್ದಾರೆ. ಪರ್ಸ್ ಮುಂದಿನ ಒಳಜೇಬಿನಲ್ಲಿರಲಿ, ಫೋನ್ ಟೇಬಲ್ ಮೇಲೆ ಇಡಬೇಡಿ. ಮಗುವಿನ ಕೋಟಿನ ಜೇಬಿನಲ್ಲಿ ನಿಮ್ಮ ನಂಬರ್ ಬರೆದ ಚೀಟಿ ಹಾಕಿ. ತಪ್ಪಿಸಿಕೊಂಡರೆ ಎಲ್ಲಿ ಸೇರುವುದು ಅಂತ ಒಳಗೆ ಹೋಗುವಾಗಲೇ ಒಂದು ಜಾಗ ತೋರಿಸಿಡಿ. ಕಥೀಡ್ರಲ್ ಮಾರ್ಕೆಟ್‌ನಲ್ಲಾದರೆ ನಡುವಿನ ದೊಡ್ಡ ಮರವೇ ಸಾಕು, ಎಲ್ಲಿಂದಲೂ ಕಾಣುತ್ತದೆ. ಮಗುವಿನ ತಳ್ಳುಗಾಡಿ ಅಥವಾ ವೀಲ್‌ಚೇರ್ ಇದ್ದರೆ ಮೂರು ಗಂಟೆಯ ಒಳಗೆ ಸುತ್ತಿ ಮುಗಿಸಿ, ಆಲ್ಟರ್‌ಮಾರ್ಕ್ಟ್‌ನ ಕಲ್ಲುಹಾಸಿನಲ್ಲಿ ಗುಂಪಿನ ನಡುವೆ ತಳ್ಳುವುದು ಕಷ್ಟ.

ದಾರಿಗಳಲ್ಲಿ ಕಾಂಕ್ರೀಟ್ ತಡೆಗಳು, ಪೊಲೀಸರು ಕಾಣುತ್ತಾರೆ. 2016ರಲ್ಲಿ ಬರ್ಲಿನ್‌ನಲ್ಲಿ, 2024ರಲ್ಲಿ ಮಾಗ್ಡೆಬುರ್ಗ್‌ನಲ್ಲಿ ಮಾರ್ಕೆಟ್‌ನೊಳಗೆ ಗಾಡಿ ನುಗ್ಗಿಸಿ ಜನರನ್ನು ಕೊಂದ ಮೇಲೆ ಬಂದೋಬಸ್ತು ಬಿಗಿಯಾಗಿದೆ. ಬ್ಯಾಗ್ ತೋರಿಸಿ ಅಂದರೆ ತೋರಿಸಿ. ಹಣ್ಣು ಕತ್ತರಿಸುವ ಚಿಕ್ಕ ಚಾಕುವನ್ನೂ ತರಬೇಡಿ, ಇಂಥ ಕಡೆ ಚಾಕುವಿಗೆ ನಿಷೇಧ ಇದೆ.

9. ಸಂಜೆ ಆರರ ನಂತರ

ಜನ ತುಂಬಲು ಶುರುವಾದಾಗ ನೀವು ಹೊರಬನ್ನಿ. ಹೋಹೆನ್‌ಝೊಲರ್ನ್ ಸೇತುವೆಯ ಮೇಲೆ ನಡೆದು ಆಚೆ ದಡಕ್ಕೆ ಹೋದರೆ, ಹತ್ತು ನಿಮಿಷದ ದಾರಿ, ಕಥೀಡ್ರಲ್, ಸೇತುವೆ, ನೀರಿನಲ್ಲಿ ದೀಪ ಎಲ್ಲ ಒಂದೇ ನೋಟಕ್ಕೆ ಸಿಗುತ್ತದೆ. ಒಳ್ಳೆಯ ಫೋಟೋ ತೆಗೆಯುವುದು ಇಲ್ಲಿಂದ, ಮಾರ್ಕೆಟ್ ಒಳಗಿಂದ ಅಲ್ಲ.

ಮೈ ಬೆಚ್ಚಗೆ ಮಾಡಿಕೊಂಡು ಊಟ ಮಾಡಬೇಕಾದರೆ ಹಳೆ ಊರಿನ ಬ್ರೌಹೌಸ್‌ಗೆ, ಅಂದರೆ ಊಟವೂ ಸಿಗುವ ಬಿಯರ್ ಮನೆಗೆ ಹೋಗಿ, ಡಿಸೆಂಬರ್‌ನಲ್ಲಿ ಟೇಬಲ್ ಮೊದಲೇ ಹೇಳಿಡಬೇಕು. ಅಲ್ಲಿ ಕ್ಯೋಲ್ಶ್ ಬಿಯರ್ 0.2 ಲೀಟರಿನ ಚಿಕ್ಕ ಗ್ಲಾಸಿನಲ್ಲಿ ಬರುತ್ತದೆ. ಗ್ಲಾಸು ಖಾಲಿಯಾದರೆ ನೀವು ಕೇಳದಿದ್ದರೂ ಇನ್ನೊಂದು ತಂದಿಟ್ಟು, ಕೆಳಗಿನ ರಟ್ಟಿನ ಮೇಲೆ ಒಂದು ಗೆರೆ ಎಳೆದು ಹೋಗುತ್ತಾರೆ. ಸಾಕು ಅನಿಸಿದರೆ ಆ ರಟ್ಟನ್ನು ಗ್ಲಾಸಿನ ಮೇಲೆ ಮುಚ್ಚಿಡಿ, ಮತ್ತೆ ತರುವುದಿಲ್ಲ.

10. ಊರಿಗೆ ಹೊರಡುವಾಗ

ವಿಮಾನದಲ್ಲಿ ಹೋಗುವವರು ಇದನ್ನು ನೋಡಿಕೊಳ್ಳಿ. ಅಲ್ಲಾಡಿಸಿದರೆ ಹಿಮ ಬೀಳುವ ಗಾಜಿನ ಗೋಳದಲ್ಲಿ ನೀರಿರುತ್ತದೆ, ಗ್ಲೂವೈನ್ ಬಾಟಲಿಯೂ ದ್ರವವೇ. ಎರಡನ್ನೂ ಚೆಕ್-ಇನ್ ಬ್ಯಾಗಿಗೆ ಹಾಕಿ, ಕೈಚೀಲದಲ್ಲಿಟ್ಟರೆ ತಪಾಸಣೆಯಲ್ಲಿ ಕಿತ್ತುಕೊಳ್ಳಬಹುದು. ನನ್ನ ಸಂಬಂಧಿಯೊಬ್ಬರು ಮಗಳಿಗೆ ಅಂತ ಆರಿಸಿ ಆರಿಸಿ ಕೊಂಡಿದ್ದ ಗೋಳವನ್ನು ಹೀಗೇ ಬಿಟ್ಟು ಬರಬೇಕಾಯಿತು. ಕಪ್‌ಗಳ ಒಳಗೆ ಒಂದು ಸಾಕ್ಸ್ ತುರುಕಿ, ಹೊರಗೆ ಇನ್ನೊಂದು ಸುತ್ತಿ, ಬಟ್ಟೆಗಳ ನಡುವೆ ಇಡಿ. ಒಣಹಣ್ಣು ತುಂಬಿದ ಷ್ಟೋಲನ್ ಬ್ರೆಡ್ ವಾರಗಟ್ಟಲೆ ಕೆಡುವುದಿಲ್ಲ, ಆದರೆ ದ್ರಾಕ್ಷಿಯನ್ನು ಹೆಚ್ಚಾಗಿ ರಮ್‌ನಲ್ಲಿ ನೆನೆಸಿರುತ್ತಾರೆ. ಯಾರಿಗೆ ಕೊಡುತ್ತೀರೋ ಅವರಿಗೆ ಮೊದಲೇ ಹೇಳಿ ಕೊಡಿ.